ನೂರೈವತ್ತೈದು ಡಿಗ್ರಿ, ನಲವತ್ತೆರಡು ನಿಮಿಷ

ಜೂನ್ 9, ಭಾನುವಾರ

ಪದ್ಮಾವತಿ ಅಕ್ಕ ಬಂದು ಹೋದರು. ಡೊಂಬಿವಲಿಯಿಂದ ಠಾಣೆಗೆ ಅರ್ಧ ಗಂಟೆಯ ರೈಲು. ಆದರೆ ನನ್ನ ಗಂಡನ ಈ ಅಕ್ಕ ಒಂದು ಸಲ ಬಂದು ಹೋದರೆ ನನಗೆ ಸುಧಾರಿಸಿಕೊಳ್ಳಲು ಎರಡು ದಿನ ಬೇಕು. ಚಹಾದ ಕಪ್ಪು ಕೆಳಗಿಡುವ ಮೊದಲೇ ಶುರು ಮಾಡಿದರು.

"ಆಗಸ್ಟ್ ನಾಲ್ಕಕ್ಕೆ ಆಟಿ ಅಮಾವಾಸ್ಯೆ, ಹರಿಣಾಕ್ಷಿ. ಅಮ್ಮ ಹೋದ ಮೇಲೆ ಮೊದಲನೇದು. ಎಲೆ ನೀನೇ ಬಡಿಸ್ಬೇಕು. ಮನೆಗೆ ಸೊಸೆ ಅಂತ ಇರುವುದು ನೀನೊಬ್ಬಳೇ."

ನಮ್ಮ ಕರಾವಳಿಯ ಕಡೆ ತೀರಿಕೊಂಡವರಿಗೆ ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ಊಟ ಬಡಿಸುತ್ತೇವೆ. ಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಅವರನ್ನು ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು. ಅದಕ್ಕೆ ಎರಡು ಕಟ್ಟಳೆ. ಅಡುಗೆ ಮಾಡುವವರು ರುಚಿ ನೋಡಬಾರದು, ಉಪ್ಪು ಸರಿಯಿದೆಯೇ ಎಂದು ನಾಲಗೆಗೂ ತಾಗಿಸಬಾರದು. ಮತ್ತೆ, ಹೋದವರಿಗೆ ಬಹಳ ಇಷ್ಟವಾಗಿದ್ದ ಒಂದಾದರೂ ಎಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಅವರು ಮುಟ್ಟದೆ ಎದ್ದು ಹೋಗುತ್ತಾರಂತೆ.

"ಅಮ್ಮನಿಗೆ ಎಂತ ಇಷ್ಟ ಇತ್ತು, ಹೇಳು ನೋಡುವಾ."

ಇಪ್ಪತ್ನಾಲ್ಕು ವರ್ಷ ಅತ್ತೆಗೆ ಬೇಯಿಸಿ ಹಾಕಿದ್ದೇನೆ. ಏನು ಇಷ್ಟವಿಲ್ಲ ಎಂದು ಕೇಳಿದ್ದರೆ ಒಂದು ಗಂಟೆ ನಿಲ್ಲಿಸದೆ ಹೇಳುತ್ತಿದ್ದೆ. ಉಪ್ಪು ಕಮ್ಮಿ, ಹುಳಿ ಜಾಸ್ತಿ, ತೆಂಗಿನಕಾಯಿ ನುಣ್ಣಗೆ ಅರೆದಿಲ್ಲ. ದಿನಾ ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಮಧ್ಯಾಹ್ನದ ಊಟದ ದೂರು ತಯಾರಿರುತ್ತಿತ್ತು. ಏಪ್ರಿಲ್‌ನಲ್ಲಿ ಅವರು ಮಲಗಿದಲ್ಲೇ ಹೋದ ಮೇಲೆ ನಮ್ಮ ವರ್ತಕ ನಗರದ ಈ ಮನೆಯಲ್ಲಿ ಸಂಜೆಗಳು ಎಷ್ಟು ಶಾಂತವಾಗಿವೆ ಎಂದರೆ, ಸತ್ಯ ಬರೆಯುತ್ತೇನೆ, ನನಗೆ ಹಾಯಾಗಿದೆ. ಈ ಡೈರಿಯನ್ನು ಯಾರೂ ಓದುವುದಿಲ್ಲವಲ್ಲ.

ಹೋಗುವಾಗ ಅಕ್ಕ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಬಿಟ್ಟರು. "ಕೊನೆಗೆ ಅಮ್ಮ ನಲವತ್ತು ಕೇಜಿಯೂ ಇರ್ಲಿಲ್ಲ. ಮಧ್ಯಾಹ್ನ ಉಂಡ್ರಾ ಅಂತ ಫೋನಲ್ಲಿ ಕೇಳಿದ್ರೆ ಮಾತು ತಿರುಗಿಸ್ತಿದ್ರು. ನಾನು ಯಾರನ್ನೂ ದೂರುವುದಲ್ಲ ಮತ್ತೆ."

ದೂರುವುದಲ್ಲವಂತೆ! ಐದು ಗಂಟೆಗೆ ಎದ್ದು ಅನ್ನ, ಸಾರು, ಪಲ್ಯ ಮಾಡಿ, ಅತ್ತೆಯ ಪಾಲನ್ನು ಸ್ಟೀಲ್ ಡಬ್ಬಿಗೆ ಹಾಕಿಟ್ಟೇ ನಾನು ವಾಗ್ಳೆ ಎಸ್ಟೇಟಿನ ಬಸ್ಸು ಹತ್ತುತ್ತಿದ್ದೆ. ಸಂಜೆ ಡಬ್ಬಿ ಖಾಲಿ ಇರುತ್ತಿತ್ತು, ತೊಳೆದು ಕವುಚಿಟ್ಟಿರುತ್ತಿತ್ತು. ಹೊಟ್ಟೆಗೆ ಹಾಕದೆ ಕೊಂದೆ ಎಂದು ಹೇಳುವುದೊಂದು ಬಾಕಿ.

ಆದರೂ ಒಂದು ವಿಷಯ ತಲೆ ಕೊರೆಯುತ್ತಿದೆ. ಡಬ್ಬಿ ದಿನಾ ಖಾಲಿಯಾಗುತ್ತಿದ್ದದ್ದು ನಿಜ. ಅತ್ತೆ ಹತ್ತು ಕೇಜಿ ಇಳಿದದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ?

ಜೂನ್ 11, ಮಂಗಳವಾರ

ಇವರನ್ನು ಕೇಳಿದೆ. ಘೋಡಬಂದರ್ ರಸ್ತೆಯ ಹೋಟೆಲಿನ ಮ್ಯಾನೇಜರು, ದಿನಕ್ಕೆ ಐನೂರು ಜನ ಏನು ತಿಂದರು ಎಂದು ಬಾಯಿಪಾಠ ಹೇಳುವ ಭುಜಂಗರಾಯರು.

"ಅಮ್ಮನಾ? ಅಮ್ಮ ಎಲ್ಲ ತಿಂತಿದ್ರಲ್ಲ."

ಮಗನ ಉತ್ತರ ಇಷ್ಟೇ.

ಜೂನ್ 15, ಶನಿವಾರ

ಗ್ಯಾಸ್ ಮುಗಿದಿತ್ತು. ಬನ್ಸ್ ಹಿಟ್ಟು ಕಲಸಿಟ್ಟಾಗಿತ್ತು. ಎಣ್ಣೆಯಲ್ಲಿ ಕರಿಯುವ ಬದಲು ಬೇಯಿಸಿಯೇ ನೋಡುವ ಎಂದು ಕರೆಂಟಿನ ಅಡುಗೆ ಯಂತ್ರದ ಮೇಲಿನ ಬಟ್ಟೆ ತೆಗೆದೆ. ನನ್ನ ಇಪ್ಪತ್ತೈದು ವರ್ಷದ ಸೇವೆಗೆ ಕಂಪನಿ ಕೊಟ್ಟದ್ದು. ಒಂದು ಮುಚ್ಚಳ ಹಾಕಿದರೆ ಕುಕ್ಕರ್, ಇನ್ನೊಂದು ಹಾಕಿದರೆ ಒಲೆ. ಹಬೆಯಲ್ಲಿ ಬೇಯಿಸುತ್ತದೆ, ಎಣ್ಣೆಯಿಲ್ಲದೆ ಹುರಿಯುತ್ತದೆ, ಕೇಕು ಮಾಡುತ್ತದೆ. ನಾನು ಇದುವರೆಗೆ ಬಳಸಿದ್ದು ಕುಕ್ಕರ್ ಮತ್ತು ಇಡ್ಲಿಗೆ ಮಾತ್ರ. ಅದು ಮನೆಗೆ ಬಂದ ದಿನ ಅತ್ತೆ ಒಂದು ಸುತ್ತು ಬಂದು ನೋಡಿ, "ಕರೆಂಟಿನಲ್ಲಿ ಬೆಂದದ್ದು ನನಗೆ ಬೇಡ. ಸತ್ತ ಮೇಲೆ ಎಲೆಗೂ ಹಾಕ್ಬೇಡ" ಎಂದಿದ್ದರು. ನೆಂಟರ ಎದುರೇ.

ಬೇಕ್ ಗುಂಡಿ ಒತ್ತಿದೆ. ಜೀವಮಾನದಲ್ಲಿ ಮೊದಲ ಸಲ. ಪುಸ್ತಕದಲ್ಲಿ 180 ಡಿಗ್ರಿ, 30 ನಿಮಿಷ ತೋರಿಸುತ್ತದೆ ಎಂದಿತ್ತು. ಯಂತ್ರ ತೋರಿಸಿದ್ದು 155 ಡಿಗ್ರಿ, 42 ನಿಮಿಷ. ಪುಸ್ತಕದ ಕೊನೆಯ ಪುಟದಲ್ಲಿ ಕಾರಣ ಸಿಕ್ಕಿತು: ಒಮ್ಮೆ ಬದಲಿಸಿದರೆ ಕೊನೆಯ ಸಲದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಹಾಗಾದರೆ ಕೊನೆಯ ಸಲ ಯಾರು? ನಲವತ್ತಲ್ಲ, ನಲವತ್ತೈದಲ್ಲ, ನಲವತ್ತೆರಡು. ಯಾರೋ ಎರಡೆರಡು ನಿಮಿಷ ಸರಿಸಿ ಸರಿಸಿ ಅಲ್ಲಿಗೆ ತಂದಿದ್ದಾರೆ. ಔಷಧಿ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸವೇ ಇದು. ಒಂದು ಅಂಕಿ ಹೆಚ್ಚುಕಡಿಮೆ ಇದ್ದರೆ ಯಾರು, ಯಾವಾಗ, ಯಾಕೆ ಎಂದು ಬರೆಸಿಕೊಳ್ಳದೆ ಬಿಡುವವಳಲ್ಲ.

ಗುಂಡಿಗಳ ಮೇಲೆ ನನ್ನದೇ ಬಿಂದಿಗಳು ಅಂಟಿವೆ. ಕೆಂಪು, ಹಸಿರು, ಕಪ್ಪು. ಇವನ್ನು ಮೊದಲೂ ನೋಡಿ ನಿಕಿತಾಳ ಚೇಷ್ಟೆ ಎಂದುಕೊಂಡಿದ್ದೆ. ಇವತ್ತು ಕೇಳಿದರೆ ನನ್ನ ಮಗಳು ಫೋನಿನಿಂದ ತಲೆ ಎತ್ತದೆ, "ಮುಝೆ ಕ್ಯಾ ಪತಾ, ಮಮ್ಮಿ" ಎಂದಳು. ಗೊತ್ತಿಲ್ಲದವರು ಯಾರೂ ಅಷ್ಟು ಬೇಗ ಉತ್ತರ ಕೊಡುವುದಿಲ್ಲ.

ನಾನು ವಿಚಾರಣೆ ನಡೆಸುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಅನಸೂಯಾ ಕುಕ್ಕರಿನ ಮುಚ್ಚಳ ಕೈಜಾರಿ ಬೀಳಿಸಿದಳು. ಬಿಜಾಪುರದ ಕಡೆಯವಳು, ಗಟ್ಟಿ ಹೆಂಗಸು, ಯಾವತ್ತೂ ಒಂದು ಚಮಚ ಬೀಳಿಸಿದವಳಲ್ಲ. ಮುಚ್ಚಳದ ಅಂಚು ಸೊಟ್ಟಗಾಗಿದೆ.

ಜೂನ್ 16, ಭಾನುವಾರ

ಇವರನ್ನು ಕೇಳಿದ್ದಾಯಿತು. "ಅದರ ಮುಚ್ಚಳ ತೆಗೆಯಲಿಕ್ಕೇ ನನಗೆ ಬರುವುದಿಲ್ಲ" ಎಂದರು. ನಿಜವೇ. ನಿಕಿತಾ ಬೆಳಿಗ್ಗೆ ಏರೋಲಿಯ ಆಫೀಸಿಗೆ ಹೋದರೆ ಬರುವುದು ಏಳಕ್ಕೆ. ಹಗಲು ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ ಒಬ್ಬರೇ.

ಇಂಗ್ಲಿಷ್ ಓದಲು ಬರುತ್ತಿರಲಿಲ್ಲ ಅವರಿಗೆ. ಓದಲು ಬಾರದವರಿಗೆ ಗುಂಡಿಯ ಮೇಲೆ ಗುರುತು ಬೇಕಾಗುತ್ತದೆ.

ನಂಬಲು ಮನಸ್ಸು ಬರುತ್ತಿಲ್ಲ. ನಗುವೂ ಬಂತು, ಮೈಯೆಲ್ಲ ಉರಿಯಿತು ಕೂಡ. ನೆಂಟರ ಎದುರು ನನ್ನ ಯಂತ್ರಕ್ಕೆ ಅಷ್ಟು ಮಾತಾಡಿ, ನಾನು ಬಸ್ಸು ಹತ್ತಿದ ಮೇಲೆ ಕದ್ದು ಬಳಸುತ್ತಿದ್ದರೇ? ಏನು ಮಾಡುತ್ತಿದ್ದರು? ಅದು ಅವರಿಗೆ ಇಷ್ಟವಾದದ್ದೇ ಇರಬೇಕು. ಇಷ್ಟವಿಲ್ಲದ್ದಕ್ಕೆ ಯಾರೂ ನಲವತ್ತೆರಡು ನಿಮಿಷ ಕಾಯುವುದಿಲ್ಲ.

ಅದು ಏನೆಂದು ಗೊತ್ತಾದರೆ ಎಲೆಯ ಚಿಂತೆ ಮುಗಿಯಿತು. ಆಗ ಪದ್ಮಾವತಿ ಅಕ್ಕನಿಗೂ ಮುಖ ಎತ್ತಿ ಉತ್ತರ ಕೊಡಬಹುದು.

ಜೂನ್ 23, ಭಾನುವಾರ

ಮೊದಲು ಕೋಳಿ. ಮಸಾಲೆ ಹಚ್ಚಿ 155ಕ್ಕೆ ಇಟ್ಟೆ. ನಲವತ್ತೆರಡು ನಿಮಿಷ ಆದ ಮೇಲೆ ತೆಗೆದರೆ ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಮೂಳೆಯ ಹತ್ತಿರ ಹಸಿ.

ನೆಲ ಒರೆಸುತ್ತಿದ್ದ ಅನಸೂಯಾ ಬಂದು ಬಗ್ಗಿ ನೋಡಿ, "ಕೋಳಿಗಿ ಅಷ್ಟ ಬಿಸಿ ಸಾಲಂಗಿಲ್ರಿ ಅಕ್ಕಾರ" ಎಂದಳು. ಹೌದಲ್ಲ ಎಂದುಕೊಂಡು ಇನ್ನೂರಕ್ಕೆ ಏರಿಸಿದೆ. ಚೆನ್ನಾಗಿಯೇ ಆಯಿತು. ಆದರೆ ಅದು ಅತ್ತೆಯದ್ದಲ್ಲ.

ಅನಸೂಯಾ ಮೊದಲು ಹನ್ನೊಂದಕ್ಕೆ ಬರುತ್ತಿದ್ದಳು, ಅತ್ತೆ ಬಾಗಿಲು ತೆಗೆಯುತ್ತಿದ್ದರು. ಈಗ ನಾನು ಹೊರಡುವ ಮೊದಲೇ ಮುಗಿಸಲೆಂದು ಆರೂವರೆಗೆ ಬರಲು ಹೇಳಿದ್ದೇನೆ. ಪಾಪ, ಅವಳಿಗೂ ತೊಂದರೆ. ಅವಳ ಚಹಾವನ್ನು ಬಾಗಿಲ ಬಳಿ ಕಟ್ಟೆಯ ಮೇಲೆ ಅವಳ ಲೋಟದಲ್ಲಿ ಇಟ್ಟರೆ ಕೆಲವು ದಿನ ತಣ್ಣಗಾಗಿ ಅಲ್ಲೇ ಉಳಿಯುತ್ತದೆ.

ಜೂನ್ 26, ಬುಧವಾರ

ಬದನೆಕಾಯಿ: ಚರ್ಮ ಸುಕ್ಕಾಯಿತು, ಒಳಗೆ ಬೇಯಲಿಲ್ಲ. ಗೆಣಸು: ಕಲ್ಲು. ನಿಕಿತಾಳ ಆಯ್ಕೆಯ ಬಿಸ್ಕತ್ತು: ನಲವತ್ತೆರಡು ನಿಮಿಷಕ್ಕೆ ಇದ್ದಿಲು. ಇವರು ಹೋಟೆಲಿನಲ್ಲೇ ಉಂಡು ಬರಲು ಶುರು ಮಾಡಿದ್ದಾರೆ.

ಜುಲೈ 4, ಗುರುವಾರ

ಮಳೆಗೆ ಬಸ್ಸು ಬರಲಿಲ್ಲ, ವಾಗ್ಳೆ ಎಸ್ಟೇಟಿನವರೆಗೆ ನಡೆದೇ ಹೋದೆ. ಮಾತ್ರೆಯ ಪುಡಿ ಒಣಗಿಸುವ ಒಲೆಯ ಅಂಕಿ ಬರೆದುಕೊಳ್ಳುವಾಗ ಹೊಳೆಯಿತು. ಕಡಿಮೆ ಬಿಸಿ, ಜಾಸ್ತಿ ಹೊತ್ತು ಎಂದರೆ ಒಳಗೆ ನೀರಿನಂಶ ಹೆಚ್ಚು. ಮೇಲೆ ಗಟ್ಟಿಯಾಗಬಾರದು, ಒಳಗೆ ನಿಧಾನಕ್ಕೆ ಬೇಯಬೇಕು. ಹಿಟ್ಟಿನ ಹಾಗೆ ಏನೋ. ದಪ್ಪವಾದದ್ದು, ಒದ್ದೆಯಾದದ್ದು.

ಇಷ್ಟು ದಿನ ನಾನು ಮಾಡಿದ್ದೆಲ್ಲ ಗರಿಗರಿಯಾದದ್ದು, ಅಗಿಯುವಂಥದ್ದು. ದಡ್ಡಿ ನಾನು.

ಜುಲೈ 7, ಭಾನುವಾರ

ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಮನೆಯಲ್ಲಿ ರವೆ ಯಾಕೆ ಅಷ್ಟು ಬೇಗ ಮುಗಿಯುತ್ತಿತ್ತು ಎಂದು ಇವತ್ತು ನೆನಪಾಯಿತು. ಇರುವೆ, ಹುಳ ಎಂದು ಡಬ್ಬಿಗೆ ಲವಂಗ ಹಾಕಿಟ್ಟಿದ್ದೆ ಆಗ! ರವೆಯ ಕಳ್ಳ ಮನೆಯಲ್ಲೇ ಇದ್ದ.

ರವೆ, ಮೊಸರು, ಬೆಲ್ಲ ಕಲಸಿ 155ಕ್ಕೆ ಇಟ್ಟೆ. ಘಮ ಬಂತು. ಬಣ್ಣ ಬಂತು. ಅಂಕಿ ಸರಿಹೋಯಿತು ಎಂದು ಮೊದಲ ಸಲ ಅನಿಸಿತು. ಆದರೆ ತಿಂದರೆ ಒರಟು, ಗಂಟಲಲ್ಲಿ ಹಿಡಿಯುತ್ತದೆ. ಅನಸೂಯಾಳಿಗೆ ಒಂದು ತುಂಡು ಕೊಟ್ಟೆ. ಅವಳು ಅದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಆಮೇಲೆ, "ಬಾಳಿಹಣ್ಣು ಕಿವಿಚಿ ಹಾಕಬೇಕ್ರಿ, ಕಾಯಿಹಾಲ ಹಾಕಬೇಕ್ರಿ" ಎಂದವಳು ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅವರ ಕಡೆ ಹಾಗೆ ಮಾಡುತ್ತಾರೋ ಏನೋ. ಆದರೆ ಜೋಳದ ಸೀಮೆಯವರಿಗೆ ಕಾಯಿಹಾಲು ಎಲ್ಲಿಂದ?



ಜುಲೈ 13, ಶನಿವಾರ

ನಿಕಿತಾಳನ್ನು ಹಿಡಿದು ಕೂರಿಸಿದೆ. ಇನ್ನು ಮೂರು ವಾರ ಇದೆ, ಅಜ್ಜಿಯ ಎಲೆಗೆ ಏನು ಹಾಕಬೇಕೆಂದು ಗೊತ್ತಿಲ್ಲದೆ ನಾನು ನಿದ್ದೆ ಬಿಟ್ಟಿದ್ದೇನೆ, ನಿನಗೆ ಗೊತ್ತಿದ್ದರೆ ಹೇಳು ಎಂದೆ.

"ಮೈನೇ ಪ್ರಾಮಿಸ್ ಕಿಯಾ ಥಾ ಮಮ್ಮಿ, ಅಜ್ಜಿಕೋ" ಎಂದಳು. ಮಾತು ಕೊಟ್ಟಿದ್ದಳಂತೆ. ಬಿಂದಿ ಅಂಟಿಸಿ ಕೊಟ್ಟದ್ದು ಇವಳೇ. ಕೆಂಪು ಒತ್ತಿದರೆ ಶುರು, ಹಸಿರು ಗುಂಡಿಗಳು ಬಿಸಿ, ಹೊತ್ತು ಹೆಚ್ಚುಕಡಿಮೆ ಮಾಡಲು, ಕಪ್ಪು ಒತ್ತಿದರೆ ಬಂದ್. ಅಜ್ಜಿ ಎರಡೇ ದಿನದಲ್ಲಿ ಕಲಿತರಂತೆ.

"ಏನು ಮಾಡ್ತಿದ್ರು ಅದರಲ್ಲಿ?"

"ಅದು ಗೊತ್ತಿಲ್ಲ, ಸಚ್ಚಿ. ನಾನು ಮನೇಲಿ ಇರ್ತಿರಲಿಲ್ಲಲ್ಲ." ಮತ್ತೆ ಹೇಳಿದಳು: "ಅನಸೂಯಾ ಮೌಶಿಕೋ ಪೂಛೋ ನಾ. ದೋನೋ ಸಾಥ್ ಮೇ ಖಾತೇ ಥೇ."

ಇಬ್ಬರೂ ಒಟ್ಟಿಗೆ ತಿನ್ನುತ್ತಿದ್ದರಂತೆ. ಒಂದು ತಿಂಗಳಿಂದ ಇಡೀ ಲೋಕವನ್ನು ಕೇಳಿದೆ. ದಿನಾ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲೇ ನಿಂತಿರುವವಳನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಜುಲೈ 15, ಸೋಮವಾರ

ನಿನ್ನೆ ಅನಸೂಯಾ ಬರಲಿಲ್ಲ. ಇವತ್ತು ಬಂದಳು. ನಾನು ರಜೆ ಹಾಕಿದೆ. ಕೂತುಕೋ ಎಂದು ಕುರ್ಚಿ ಎಳೆದರೆ ಕೂರದೆ ಗೋಡೆಗೆ ಒರಗಿ ನಿಂತು ಅಳಲು ಶುರು ಮಾಡಿದಳು.

"ನಾ ಕದ್ದು ತಿಂದಿಲ್ರಿ ಅಕ್ಕಾರ. ಆಯಿನ ಕೈಯಾರ ಕೊಡ್ತಿದ್ರು. ಬ್ಯಾಡ ಅಂದ್ರ ಬೈತಿದ್ರು."

"ಏನು ಕೊಡ್ತಿದ್ರು ಅತ್ತೆ?"

"ನೀವು ಇಟ್ಟು ಹೋಗೂ ಡಬ್ಬಿರಿ. ದಿನಾ."

ಅವಳಿಗೆಂದು ಎಳೆದ ಕುರ್ಚಿಯಲ್ಲಿ ನಾನೇ ಕೂತೆ. ಆಮೇಲೆ ಅವಳು ಹೇಳುತ್ತಾ ಹೋದಳು, ಆದಷ್ಟು ಅವಳ ಮಾತಿನಲ್ಲೇ ಇಲ್ಲಿ ಬರೆದಿಡುತ್ತೇನೆ.

ಎರಡು ವರ್ಷದ ಹಿಂದೆ ಇವರು ಅತ್ತೆಗೆ ಹಲ್ಲಿನ ಸೆಟ್ಟು ಮಾಡಿಸಿದ್ದರು. ನಾಲ್ಕು ಸಲ ಹೋಟೆಲಿಗೆ ರಜೆ ಹಾಕಿ ತಾಯಿಯ ಕೈ ಹಿಡಿದು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದರು. ಹೊಸ ಹಲ್ಲಿನ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದರು. ಸಂಜೆ ನಾವೆಲ್ಲ ಬರುವ ಹೊತ್ತಿಗೆ ಅತ್ತೆ ಆ ಹಲ್ಲು ಹಾಕಿಕೊಂಡು ನೆಟ್ಟಗೆ ಕೂತಿರುತ್ತಿದ್ದರು. ನಾನು ನೋಡಿದ್ದು ಅಷ್ಟೇ.

"ಅದನ್ನ ಹಾಕ್ಕೊಂಡ್ರ ದವಡಿ ಹುಣ್ಣಾಗ್ತಿತ್ರಿ. ನೀವು ಹೋದ ಕೂಡ್ಲೆ ತಗದ ಇಡ್ತಿದ್ರು. ಅನ್ನ ಬಾಯಾಗ ಇಟ್ಟು ಹೊಳ್ಳಿಸಿ ಹೊಳ್ಳಿಸಿ ತಗೀತಿದ್ರು, ನುಂಗಾಕ ಬರ್ತಿದ್ದಿಲ್ಲ. ನಿಮ್ಮದು ಕೆಂಪ ಅಕ್ಕಿ, ದಪ್ಪ ಕಾಳ ನೋಡ್ರಿ. ಮಗನಿಗೆ ಹೇಳ್ರಿ ಅಂದೆ. 'ನಾಕ ಸರ್ತಿ ರಜಾ ಹಾಕಿ ಮಾಡ್ಸ್ಯಾನ, ನೋಯ್ತದ ಅಂದ್ರ ಅವನ ಮಾರಿ ಸಣ್ಣಾಗ್ತದ' ಅಂದ್ರು."

"ನನಗೆ ಹೇಳಬಹುದಿತ್ತಲ್ಲ!"

"ಅದನೂ ಕೇಳೀನ್ರಿ. 'ಆಕಿ ಐದಕ್ಕ ಎದ್ದು ಮಾಡ್ತಾಳ, ಇನ್ನ ನನಗಂತ ಬ್ಯಾರೆ ಗಂಜಿ ಮಾಡ ಅನ್ಲಿ ಏನ? ಮಗನ ಕಿವಿಗೂ ಬೀಳ್ತದ' ಅಂದ್ರು. ಡಬ್ಬಿ ನನ್ನ ಮುಂದ ಸರಿಸಿ, ತಾವು ಮಷೀನದಾಗ ಮೆತ್ತನ್ನದ ಒಂದ ಮಾಡ್ಕೋತಿದ್ರು. ರವಾ, ಬೆಲ್ಲ, ಬಾಳಿಹಣ್ಣು, ಕಾಯಿಹಾಲು. ಅದಕ್ಕ ಹೆಸರ ಇಟ್ಟಿದ್ದಿಲ್ರಿ. ಮೆತ್ತನ್ನದು ಅಂತಿದ್ರು ಅಷ್ಟ. ಮೊದ್ಲ ಐದಾರ ಸರ್ತಿ ಕೆಟ್ಟಿತ್ರಿ. ಒಮ್ಮೆ ಸುಟ್ಟಿತು, ಒಮ್ಮೆ ಹಸೀ ಉಳೀತು. ಎರಡ ನಿಮಿಷ ಹೆಚ್ಚಿಗಿ ಇಡೂಣು, ನಾಕ ಕಮ್ಮಿ ಮಾಡೂಣು ಅಂತ ಹಟ ಹಿಡದು ಸರಿ ಮಾಡಿದ್ರು."

ಎಂಬತ್ತು ಮುಟ್ಟಿದ ಹೆಂಗಸು. ನಮ್ಮ ವಿಭಾಗದಲ್ಲಿ ಇದ್ದಿದ್ದರೆ ನನಗಿಂತ ಮೇಲೆ ಕೂರುತ್ತಿದ್ದರು.

"ಮತ್ತೆ ಸಂಜೆ ಆ ದೂರುಗಳು? ಉಪ್ಪು ಕಮ್ಮಿ, ಹುಳಿ ಜಾಸ್ತಿ? ಉಣ್ಣದೇ ಹೇಗೆ ಗೊತ್ತಾಗ್ತಿತ್ತು?"

ಅನಸೂಯಾ ಅಳುತ್ತಲೇ ನಕ್ಕಳು. "ಡಬ್ಬಿ ತಗದು ಸಾರಿನಾಗ ಬೆರಳ ಅದ್ದಿ ನೆಕ್ಕತಿದ್ರು. 'ಇವತ್ತ ಉಪ್ಪ ಕಮ್ಮಿ ಆಗ್ಯಾದ, ನೆನಪ ಮಾಡ ನನಗ' ಅಂತಿದ್ರು. 'ಸಂಜೀಕ ಒಂದ ತಪ್ಪ ಹೇಳಿದ್ರ ನಾ ಉಂಡೀನಿ ಅಂತ ಆಕಿ ನಂಬ್ತಾಳ' ಅಂತಿದ್ರು. ನಿಮ್ಮ ಸಾರ ಭಾಳ ರುಚಿ ಇರ್ತಿತ್ರಿ ಅಕ್ಕಾರ. ಅವರಿಗೂ ಗೊತ್ತಿತ್ತು."

ಹಲ್ಲಿನ ಸೆಟ್ಟು ಬರುವ ಮೊದಲಿನ ಇಪ್ಪತ್ತೆರಡು ವರ್ಷದ ದೂರುಗಳಿಗೆ ಬೇರೆ ಕಾರಣ ಇರಬೇಕು. ಅದನ್ನು ಅನಸೂಯಾ ಹೇಳಲಾರಳು. ಅದೆಲ್ಲ ಅಪ್ಪಟ ದೂರುಗಳೇ, ನನಗೆ ಸಂಶಯವಿಲ್ಲ. ಆದರೆ ಕೊನೆಯ ಎರಡು ವರ್ಷ, ದಿನಾ ಸಂಜೆ, ನಾನು ಹಲ್ಲು ಕಚ್ಚಿಕೊಂಡು ಕೇಳಿದ ಪ್ರತಿಯೊಂದು ಮಾತನ್ನೂ ಆ ಹೆಂಗಸು ಹಸಿದುಕೊಂಡು ತಯಾರು ಮಾಡಿಟ್ಟಿದ್ದರು. ರಾತ್ರಿಗೆ ಹೊಟ್ಟೆ ಭಾರ ಎಂದು ಬರೀ ಮಜ್ಜಿಗೆ ಕುಡಿಯುತ್ತಿದ್ದರು. ನನ್ನ ಅಡುಗೆಗೆ ಅವಮಾನ ಮಾಡಲೆಂದೇ ಹಾಗೆ ಎಂದು ನಾನು ಪಾತ್ರೆ ಕುಕ್ಕುತ್ತಿದ್ದೆ.

ನಾನೂ ಅತ್ತುಬಿಟ್ಟೆ. ಅವರು ಹೋದ ದಿನ ಇಷ್ಟು ಅತ್ತಿರಲಿಲ್ಲ. ಅನಸೂಯಾ ಒಲೆ ಹಚ್ಚಿ ಚಹಾ ಮಾಡಿದಳು, ಇಬ್ಬರೂ ಮೇಜಿನ ಮೇಲೆ ಕಪ್ಪಿಟ್ಟುಕೊಂಡು ಕುಡಿದೆವು.

ಜುಲೈ 16, ಮಂಗಳವಾರ

ಕೆಲಸಕ್ಕೆ ಹೋಗಿ ಬಂದೆ. ಮಧ್ಯಾಹ್ನ ಡಬ್ಬಿ ತೆರೆಯಲಾಗಲಿಲ್ಲ.

ಜುಲೈ 21, ಭಾನುವಾರ

ಅನಸೂಯಾ ಗುರು, ನಾನು ಶಿಷ್ಯೆ. ಬಾಳೆಹಣ್ಣನ್ನು ಎಷ್ಟು ಕಿವುಚಬೇಕು, ಕಾಯಿಹಾಲು ಎಷ್ಟು ಹೊತ್ತಿಗೆ ಹೊಯ್ಯಬೇಕು, ಎಲ್ಲ ಕೈಯಲ್ಲಿ ತೋರಿಸುತ್ತಾಳೆ. ಅಳತೆ ಕೇಳಿದರೆ, "ಆಯಿ ಹಿಡಿಲೆ ಹಾಕ್ತಿದ್ರು" ಎನ್ನುತ್ತಾಳೆ. ಅತ್ತೆಯ ಹಿಡಿ ಚಿಕ್ಕದು. ನನ್ನದರಲ್ಲಿ ಮುಕ್ಕಾಲು.

ರುಚಿ ನೋಡದೆ ಮಾಡುವ ಅಭ್ಯಾಸವೂ ನಡೆದಿದೆ. ನಾನು ಮಾಡುವುದು, ಅವಳು ತಿಂದು ಹೇಳುವುದು. ಮೂರನೇ ಸಲಕ್ಕೆ ಸುಮ್ಮನೆ ತಲೆ ಆಡಿಸಿ ಕಣ್ಣು ಒರೆಸಿಕೊಂಡಳು. ಒಂದು ವಾರದೊಳಗೆ ಮೂಗು ಇಷ್ಟು ಚುರುಕಾಗುತ್ತದೆಂದು ಗೊತ್ತಿರಲಿಲ್ಲ. ಬೆಲ್ಲ ಬೆಂದ ವಾಸನೆ ಮೂವತ್ತನೇ ನಿಮಿಷಕ್ಕೆ ಬರುತ್ತದೆ, ಬಾಳೆಹಣ್ಣಿನದು ಅದರ ಹಿಂದೆಯೇ ಬರುತ್ತದೆ.

ಇವರು ಕೋಣೆಯಿಂದ ಬಂದು, ಇದೇನು ಹೊಸದು ಎಂದರು. ಮೆತ್ತನ್ನದು ಎಂದೆ. ಯಾಕೆ, ಏನು ಎಂದು ಕೇಳಿದರೆ ಹೇಳಬೇಕಾಗುತ್ತದೆ ಎಂದು ಬೇಗ ಬೇಗ ತಟ್ಟೆಗೆ ಹಾಕಿ ಕೊಟ್ಟೆ. ಅವರು ಎರಡು ತುಂಡು ತಿಂದು ಪೇಪರ್ ತೆರೆದರು. ಅತ್ತೆಯ ಆ ಹಲ್ಲಿನ ಸೆಟ್ಟನ್ನು ಇವತ್ತಿಗೂ ಕಪಾಟಿನಲ್ಲಿ ಪುಟ್ಟ ಡಬ್ಬಿಯಲ್ಲಿ ಜೋಪಾನ ಇಟ್ಟಿದ್ದಾರೆ. "ಅಮ್ಮ ಕೊನೆಯ ಎರಡು ವರ್ಷ ಚೆನ್ನಾಗಿ ಅಗಿದು ಉಂಡ್ರು, ಅದೊಂದು ಸಮಾಧಾನ" ಎಂದು ಮೊನ್ನೆಯೂ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ಹೇಳುವುದಿಲ್ಲ. ಅನಸೂಯಾಳಿಗೂ ನಿಕಿತಾಳಿಗೂ ಹೇಳಿಟ್ಟಿದ್ದೇನೆ.

ಜುಲೈ 28, ಭಾನುವಾರ

ಪದ್ಮಾವತಿ ಅಕ್ಕನ ಫೋನು. ಎಲೆಗೆ ಏನೇನು ಎಂದು ಕೇಳಿದರು. ಕೋಳಿ ಸಾರು, ರೊಟ್ಟಿ, ಅನ್ನ, ಕೆಸುವಿನೆಲೆಯ ಪತ್ರೊಡೆ, ಬಂಗುಡೆ ಮೀನು ಎಂದೆ. ಆಮೇಲೆ ರವೆಯದ್ದೊಂದು ಎಂದೆ, ಯಂತ್ರದಲ್ಲಿ ಮಾಡುವುದು.

"ಕೇಕಾ? ಅಮ್ಮನದ್ದು ಎಂತ ಬರ್ತ್‌ಡೇಯಾ? ಕರೆಂಟಿನದ್ದು ಎಲೆಗೆ ಹಾಕ್ಬೇಡ ಅಂತ ಅಮ್ಮನೇ ಹೇಳಿದ್ದು ನಾನೇ ಕೇಳಿದ್ದೇನೆ."

"ಹೇಳಿದ್ರು ಅಕ್ಕ. ಆಮೇಲೆ ಅವರಿಗೆ ಅದು ಇಷ್ಟ ಆಯ್ತು."

"ನಿನಗೆ ಯಾರು ಹೇಳಿದ್ದು?"

ಅತ್ತೆಯೇ ಎಂದೆ. ಸುಳ್ಳೇನಲ್ಲ. ಯಂತ್ರಕ್ಕೆ ಹೇಳಿಟ್ಟು ಹೋಗಿದ್ದರು.

ಫೋನಿಟ್ಟ ಮೇಲೆ ಇನ್ನೊಂದು ಯೋಚನೆ ಹತ್ತಿತು. ಮೆತ್ತನ್ನದು ಒಂದನ್ನು ಮೂಲೆಯಲ್ಲಿ ಇಟ್ಟು, ಉಳಿದ ಎಲೆಯ ತುಂಬ ಅವರು ನುಂಗಲಾಗದ್ದನ್ನೇ ಬಡಿಸಿ, ಬನ್ನಿ ಉಣ್ಣಿ ಎಂದು ಕರೆಯುವುದೇ? ಎರಡು ವರ್ಷ ಮಾಡಿದ್ದು ಅದೇ ಅಲ್ಲವೇ ನಾನು?

ಆಗಸ್ಟ್ 4, ಭಾನುವಾರ. ಆಟಿ ಅಮಾವಾಸ್ಯೆ

ನಾಲ್ಕಕ್ಕೇ ಎದ್ದು ಮಿಂದೆ. ಕೋಳಿಯನ್ನು ಯಂತ್ರದಲ್ಲಿ ಸಣ್ಣ ಬಿಸಿಗೆ ಇಟ್ಟು ಐದು ಗಂಟೆ ಬಿಟ್ಟೆ; ಮೂಳೆ ತಾನಾಗಿ ಕಳಚಿ ಬಂತು. ಮಾಂಸವನ್ನು ಬೆರಳಲ್ಲೇ ಹಿಸುಕಿ ನಾರು ಬಿಡಿಸಿದೆ. ಗರಿಗರಿ ರೊಟ್ಟಿಯನ್ನು ಪುಡಿ ಮಾಡಿ ಸಾರಿನಲ್ಲಿ ನೆನೆಸಿದೆ. ಕೆಂಪಕ್ಕಿ ಅನ್ನಕ್ಕೆ ಮೂರು ಪಾಲು ಹೆಚ್ಚು ನೀರು. ಬಂಗುಡೆಯ ಮುಳ್ಳು ಒಂದೊಂದಾಗಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು, ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ, ಹುರಿಯದೆ, ಕಾಯಿಹಾಲಿನಲ್ಲಿ ಕಿವುಚಿದೆ. ವೀಳ್ಯವನ್ನೂ ಕುಟ್ಟಿದೆ. ಕೊನೆಗೆ 155, 42. ಯಾವುದಕ್ಕೂ ನಾಲಗೆ ತಾಗಿಸಲಿಲ್ಲ. ಉಪ್ಪು ಏನಾಗಿದೆಯೋ ದೇವರಿಗೇ ಗೊತ್ತು.

ಹನ್ನೆರಡಕ್ಕೆ ಪದ್ಮಾವತಿ ಅಕ್ಕ ಬಂದರು. ಎಲೆ ನೋಡಿ ಅವರ ಕಣ್ಣು ಅಗಲವಾಯಿತು.

"ಇದೆಂತ ಹರಿಣಾಕ್ಷಿ? ಕೋಳಿ ಎಲ್ಲಿ, ಮೀನು ಎಲ್ಲಿ? ಎಲ್ಲ ಕಲಸಿ ಮುದ್ದೆ ಮಾಡಿದ್ದೀಯಲ್ಲ! ಮೊದಲನೇ ಎಲೆಗೆ ಹೀಗೆ ಮಾಡ್ತಾರಾ ಯಾರಾದ್ರೂ?"

ಅಡುಗೆಮನೆಯ ಬಾಗಿಲಲ್ಲಿ ಅನಸೂಯಾ ಬಾಯಿ ತೆರೆಯಲು ಹೊರಟಳು. ನಾನು ಅವಳ ಕಡೆ ನೋಡಿದೆ. ನಿಕಿತಾಳ ಕಡೆಯೂ ನೋಡಿದೆ.

"ಯಂತ್ರದಲ್ಲಿ ಹೊತ್ತು ಜಾಸ್ತಿ ಆಯ್ತು ಅಕ್ಕ. ಎಲ್ಲ ಬೆಂದು ಹೋಯ್ತು. ನನ್ನದೇ ತಪ್ಪು."

"ಇಷ್ಟು ವರ್ಷ ಆದ್ರೂ ಒಂದು ಅಡುಗೆ ಸರಿಯಾಗಿ ಬರ್ಲಿಲ್ಲ ನಿನಗೆ" ಎಂದರು ಅಕ್ಕ. ಇನ್ನೂ ಏನೇನೋ ಹೇಳಿದರು. ನಾನು ಎಲೆಯ ತುದಿಯಲ್ಲಿ ಮೆತ್ತನ್ನದನ್ನು ಇಟ್ಟು, ಅಂಚು ಸ್ವಲ್ಪ ಗಟ್ಟಿಯಿದೆ ಅನಿಸಿದ್ದರಿಂದ ಅದನ್ನು ಕತ್ತರಿಸಿ ತೆಗೆದೆ.

ಹೋದವರು ಬಳಸುತ್ತಿದ್ದ ಸಾಮಾನನ್ನು ಎಲೆಯ ಪಕ್ಕ ಇಡುವುದು ನಮ್ಮ ಪದ್ಧತಿ. ಕನ್ನಡಕ, ಎಲೆಅಡಿಕೆ ಪೆಟ್ಟಿಗೆ ಇಟ್ಟಾಗಿತ್ತು. ಅಷ್ಟರಲ್ಲಿ ಇವರು ಕಪಾಟು ತೆರೆದು ಆ ಪುಟ್ಟ ಡಬ್ಬಿ ತಂದರು. ಮುಚ್ಚಳ ತೆಗೆದು, ಸೆಟ್ಟನ್ನು ತಮ್ಮ ಹೊಸ ಕರವಸ್ತ್ರದಲ್ಲಿ ಒರೆಸಿ, ಎಲೆಯ ಬಲಕ್ಕೆ ಮೆಲ್ಲಗೆ ಇಟ್ಟರು.

"ಇದಿಲ್ಲದೆ ಅಮ್ಮ ಹೇಗೆ ಉಣ್ತಾರೆ?" ಎಂದರು.

ನಾನು ದೀಪದ ಬತ್ತಿ ಸರಿಮಾಡಿದೆ. ಎಲ್ಲರೂ ಕೈ ಮುಗಿದು ಮನಸ್ಸಿನಲ್ಲೇ ಕರೆಯಿರಿ ಎಂದರು ಅಕ್ಕ. ಕಣ್ಣು ಮುಚ್ಚಿ, ಅತ್ತೆಯನ್ನು ದಿನಾ ಕರೆಯುತ್ತಿದ್ದ ಹಾಗೆಯೇ ಕರೆದೆ.

ಮಾಮಿ, ಬನ್ನಿ. ಎಲ್ಲ ಮೆತ್ತಗೆ ಮಾಡಿದ್ದೇನೆ. ನಿಮ್ಮ ಮಗ ಹಲ್ಲು ತಂದಿಟ್ಟಿದ್ದಾರೆ, ಬಾಗಿಲು ಮುಚ್ಚುವವರೆಗೆ ಹಾಕಿಕೊಂಡಿರಿ. ಆಮೇಲೆ ತೆಗೆದಿಟ್ಟು ಉಣ್ಣಿ, ಯಾರೂ ನೋಡುವುದಿಲ್ಲ.

ಎಲ್ಲರೂ ಹೊರಗೆ ಬಂದೆವು. ನಾನು ಬಾಗಿಲು ಎಳೆದುಕೊಂಡೆ.